ನೀಲವ್ವನ ಕೈ ಮತ್ತು ರಬ್ಬರಿನ ಕೈಗವಸು

ಹೋದ ತಿಂಗಳು ನಮ್ಮ ಹಳೆಯ ಸಂಗ್ರಹಾಲಯದಿಂದ ಫೋನು ಬಂತು. ನಾನು ಬಿಟ್ಟ ಮೇಲ್ವಿಚಾರಕನ ಜಾಗಕ್ಕೆ ಬಂದವರಲ್ಲಿ ಈಕೆ ಮೂರನೆಯವಳು, ಹೆಸರು ಸುಮಾ. ಮೊದಲಿನ ಇಬ್ಬರು ವರ್ಷ ತುಂಬುವ ಮುಂಚೆಯೇ ಬಿಟ್ಟುಹೋಗಿದ್ದರು.

“ಸರ್, ಹಿಂದಿನ ಕೋಣಿಯೊಳಗಿನ ಗಂಟಿಗೆಲ್ಲಾ ಬೂಸ್ಟ ಬಂದದರಿ. ರೇಣುಕಾಗ ಗ್ಲೌಸ್ ತರಸ್ಲಿಕ್ಕತ್ತೀನಿ. ರಬ್ಬರಿಂದು, ದಪ್ಪನ್ನು, ಮೊಣಕೈತನಕ ಬರೂವಂಥಾವು. ನಿಮ್ಮ ಕಾಲಕ್ಕ ಯಾವ ಸೈಜ್ ತರಸ್ತಿದ್ರಿ?”

“ತರಸಬ್ಯಾಡ” ಎಂದೆ.

“ಯಾಕ್ರಿ? ಪುಸ್ತಕದಾಗ ಹಂಗ ಅದಲ್ರಿ?”

“ಬರದ ಕಳಸ್ತೀನಿ. ಅಲ್ಲೀತನಕ ಆ ಕೋಣಿ ಬಾಗಲಾ ತಗೀಬ್ಯಾಡ” ಎಂದು ಫೋನು ಇಟ್ಟೆ.

ರೇಣುಕಾ ಯಾರೆಂದು ಹೇಳಬೇಕು. ಸಂಗ್ರಹಾಲಯದಲ್ಲಿ ಕಸ ಹೊಡೆದು, ಹಳೆಯ ಕಾಗದದ ಗಂಟು ಇಳಿಸಿ, ಧೂಳು ಒರೆಸಿ, ಮತ್ತೆ ಕಟ್ಟಿಡುವವಳು. ಅವಳಿಗಿಂತ ಮೊದಲು ಆ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಾಡಿದವಳು ಅವಳ ಅತ್ತೆ ನೀಲವ್ವ. ನೀಲವ್ವನ ಕೈ ಕೆಟ್ಟದ್ದು ನನ್ನ ಕಣ್ಣೆದುರಿಗೆ, ನನ್ನ ಹುಕುಮಿನಿಂದ. ಈಗ ಅದೇ ದಪ್ಪನೆಯ ಕೈಗವಸು, ಅದೇ ಒಳ್ಳೆಯ ಉದ್ದೇಶದಿಂದ, ಆಕೆಯ ಸೊಸೆಯ ಕೈಗೆ ಏರಲು ಹೊರಟಿದೆ. ಹಳೆಯ ಕಾಗದ ಕಾಯುವುದೇ ಕೆಲಸವಾಗಿದ್ದ ಆ ಕಟ್ಟಡದಲ್ಲಿ, ನಾವು ಕಲಿತ ಪಾಠದ ಒಂದು ಕಾಗದವೂ ಇಲ್ಲ. ಇದಕ್ಕೆ ಸಿಟ್ಟಾಗಬೇಕಾದದ್ದು ಸುಮಾಳ ಮೇಲಲ್ಲ ಎಂಬುದು ನನಗೆ ಗೊತ್ತು.

ಒಂದು ಪುಟದ ಟಿಪ್ಪಣಿ ಬರೆಯಲೆಂದು ಕೂತೆ, ಅದು ಇಷ್ಟುದ್ದ ಆಯಿತು. ಓದುವ ಮುಂಚೆ ಒಂದು ಎಚ್ಚರಿಕೆ: ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಸಾಕ್ಷಿ ಹೇಳುವವನು ಸಾಮಾನ್ಯವಾಗಿ ತನಗೆ ಅನುಕೂಲವಾದದ್ದನ್ನೇ ನೆನಪಿಡುತ್ತಾನೆ ಎಂದು ಎರಡು ವರ್ಷ ನಮಗೆ ಕಲಿಸಿದ್ದರು. ಅದಕ್ಕೆ ಹಳೆಯ ದಿನಚರಿಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅವೂ ನಾನೇ ಬರೆದವು ಎನ್ನುವುದು ಬೇರೆ ಮಾತು.

ನಮ್ಮ ಸಂಗ್ರಹಾಲಯ ಇರುವುದು ಕುಂದಗೋಳದಿಂದ ಗುಡಗೇರಿ ಕಡೆಗಿನ ಒಂದು ಊರಿನಲ್ಲಿ, ಹಳೆಯ ವಾಡೆಯೊಂದರಲ್ಲಿ. ವಾಡೆಯ ಮನೆತನದವರು ಟ್ರಸ್ಟು ಮಾಡಿ ಬಿಟ್ಟುಕೊಟ್ಟದ್ದು. ಗೋಡೆ ಎರಡು ಮೊಳ ದಪ್ಪ, ಕಿಟಕಿಗಳು ಕೈಯಗಲ. ಬೇಸಿಗೆಯಲ್ಲಿ ಒಳಗೆ ಬಂದವರು “ಅಗದಿ ತಂಪ ಐತ್ರಿ” ಎಂದು ಹೊಗಳುತ್ತಾರೆ. ಆ ತಂಪೇ ನಮ್ಮ ಶತ್ರು ಎಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಳಗೆ ಇದ್ದದ್ದು ಕೆಲವು ತಾಳೆಗರಿ ಕಟ್ಟುಗಳು, ಹಿತ್ತಾಳೆಯ ಅಳತೆ ಪಾತ್ರೆಗಳು, ಬುರುಡೆ ಸೀಳಿದ ಒಂದು ತಂಬೂರಿ, ಕೆಂಪು ಬಟ್ಟೆಯಲ್ಲಿ ಕಟ್ಟಿದ ನೂರಾರು ಕಾಗದದ ಗಂಟುಗಳು, ಮತ್ತು ಕಡತಗಳು. ಕಡತ ಎಂದರೆ ಈಗಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಹಲಗೆಯಂತೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆಯುತ್ತಿದ್ದ ಹಳೆಯ ಪುಸ್ತಕ. ಹುಣಸೆಬೀಜದ ಅಂಟೆಂದರೆ ಬೂಸ್ಟಿಗೆ ಹಬ್ಬದೂಟ. ಎರಡು ದಿನ ತೇವ ಸಿಕ್ಕರೆ ಸಾಕು, ಕಪ್ಪು ಬಟ್ಟೆಯ ಮೇಲೆ ಬೂದಿ, ಹಸಿರು, ಹಳದಿ ಚುಕ್ಕೆಗಳು ಎದ್ದುಬಿಡುತ್ತಿದ್ದವು.

ಟ್ರಸ್ಟಿನ ಕಾರ್ಯದರ್ಶಿ ಶಿವನಗೌಡರು. ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ಎರಡು ಅಭ್ಯಾಸಗಳಿದ್ದವು. ಮೊದಲನೆಯದು, ನಾಲಿಗೆಗೆ ಬೆರಳು ಹಚ್ಚಿ ಪುಟ ತಿರುವುವುದು. ಗಂಟು ಬಿಚ್ಚಿ ಮುಂದಿಟ್ಟರೆ ಒಂದು ಪುಟಕ್ಕೆ ಒಂದು ಸಲ ಬೆರಳು ಬಾಯಿಗೆ ಹೋಗಲೇಬೇಕು. ಬೂಸ್ಟು ಕಾಗದದಿಂದ ಬೆರಳಿಗೆ, ಬೆರಳಿನಿಂದ ಬಾಯಿಗೆ. ಎಂಜಲು ಬಾಯಿಯಿಂದ ಕಾಗದಕ್ಕೆ, ಅಲ್ಲಿಂದ ಮತ್ತೆ ಬೂಸ್ಟಿಗೆ. ನಾನು ಹೇಳಿದೆ. ಅವರು ನಕ್ಕರು.

“ಎಂ.ಎ. ಸಾಹೇಬ್ರ, ನಮ್ಮಜ್ಜ ಹಿಂಗ ತಿರುವಿದಾ, ನಮ್ಮಪ್ಪ ಹಿಂಗ ತಿರುವಿದಾ. ಇಬ್ಬರೂ ಎಂಬತ್ತ ದಾಟಿ ಹೋದ್ರು. ನಿಮ್ಮ ಬೂಸ್ಟ ಅವರಿಗೇನ್ ಮಾಡ್ತು?”

“ಅವರಿಗೇನ್ ಮಾಡ್ತೋ ಗೊತ್ತಿಲ್ರಿ ಗೌಡ್ರ, ಪುಟಕ್ಕ ಏನ್ ಮಾಡೇದ ನೋಡ್ರಿ” ಎಂದು ಮೂಲೆ ತೋರಿಸಿದೆ. ಎಲ್ಲ ಪುಟದ ಬಲಗಡೆ ಕೆಳಮೂಲೆ ಕಂದಾಗಿ ಕೊಳೆತಿತ್ತು. ಅವರು ಮೂಲೆಯನ್ನು ಚೆನ್ನಾಗಿ ನೋಡಿದರು. ಆಮೇಲೆ ಬೆರಳು ಬಾಯಿಗಿಟ್ಟು ಮುಂದಿನ ಪುಟ ತಿರುವಿದರು.

ಎರಡನೆಯದು ಖಂಡೆಪೂಜೆ. ನವರಾತ್ರಿಯಲ್ಲಿ ಎಲ್ಲರೂ ತಮ್ಮ ತಮ್ಮ ಆಯುಧ ಪೂಜಿಸುತ್ತಾರೆ. ಕತ್ತಿ, ಕುಡಗೋಲು, ಟ್ರ್ಯಾಕ್ಟರು. ನಮ್ಮ ಆಯುಧ ಈ ಗಂಟುಗಳು. ಪೂಜೆಗೆ ಮುಂಚೆ ಅವು ಮಡಿಯಾಗಬೇಕು. ಹಾಗಾಗಿ ಪ್ರತಿ ವರ್ಷ ಒದ್ದೆ ಅರಿವೆಯಿಂದ ಕಪಾಟು, ಹಲಗೆ, ಗಂಟಿನ ಬಟ್ಟೆ ಎಲ್ಲವನ್ನೂ ಒರೆಸಿ, ವಿಭೂತಿಯ ನೀರಿನಲ್ಲಿ ಬೆರಳದ್ದಿ ಮೂರು ಗೆರೆ ಎಳೆದು, ಹಸಿ ಚೆಂಡುಹೂವಿನ ಮಾಲೆ ಏರಿಸಿ, ಕಾಯಿ ಒಡೆದ ನೀರನ್ನು ಚಿಮುಕಿಸಿ, ಬಾಗಿಲು ಹಾಕಿಬಿಡುತ್ತಿದ್ದರು. ಮೂರನೆಯ ದಿನಕ್ಕೆ ಬಾಗಿಲು ತೆರೆದರೆ ಒಳಗೊಂದು ಹೊಲವೇ ಬೆಳೆದಿರುತ್ತಿತ್ತು. ಮಾಲೆಯ ಕೆಳಗೆ ಗಂಟಿನ ಬಟ್ಟೆಯ ಮೇಲೆ ಮಾಲೆಯದೇ ಆಕಾರದಲ್ಲಿ ಬೂಸ್ಟು.

ನಾನು ಪ್ರಯೋಗ ಮಾಡಿ ತೋರಿಸಿದೆ. ಒಂದೇ ಹಲಗೆಯ ಎರಡು ಗಂಟು; ಒಂದಕ್ಕೆ ನೀರು ಮುಟ್ಟಿಸಲಿಲ್ಲ, ಇನ್ನೊಂದನ್ನು ಒರೆಸಲು ಬಿಟ್ಟೆ. ಎರಡು ವಾರದ ಮೇಲೆ ಗೌಡರನ್ನು ಕರೆದು ತೋರಿಸಿದೆ. “ಆ ಗಂಟ ಮೊದಲಽ ಹಾಳಾಗಿತ್ತು ಬಿಡ್ರಿ” ಎಂದರು. ಮರುವರ್ಷ ಗಂಟು ಅದಲುಬದಲು ಮಾಡಿ ಅದೇ ಪ್ರಯೋಗ ಮಾಡಿದೆ. “ಏನ್ರಿ ನೀವು, ತಾಯಿಗೆ ನೀರ ಹಚ್ಚಬ್ಯಾಡ ಅಂತೀರಿ. ನಿಮ್ಮ ಯುನಿವರ್ಸಿಟಿಯೊಳಗ ಜಳಕ ಮಾಡ್ತಿದ್ರೋ ಇಲ್ಲೋ?” ಎಂದು ಕೇಳಿ ಇಡೀ ಆಡಳಿತ ಮಂಡಳಿಯನ್ನು ನಗಿಸಿದರು.

ಕೊನೆಗೆ ಪೂಜೆಯ ಕ್ರಮ ಬದಲಾದದ್ದು ನಿಜ. ಹೊಸ್ತಿಲ ಹೊರಗೆ ಒಂದು ಮಣೆ, ಮಣೆಯ ಮೇಲೆ ಎಲ್ಲ ಗಂಟುಗಳ ಪರವಾಗಿ ಖಾಲಿ ಕೆಂಪು ಬಟ್ಟೆಯದೊಂದು ಗಂಟು, ಹೂವು ನೀರು ಎಲ್ಲ ಅದಕ್ಕೇ. ಒಳಗೆ ಒಣ ಅರಿವೆ ಮಾತ್ರ. ಇದು ನನ್ನ ಉಪಾಯ ಎಂದು ನಾನು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ. ಈಗ ದಿನಚರಿ ನೋಡಿದರೆ ಬೇರೆಯೇ ಬರೆದಿದೆ: “ನೀಲವ್ವ ಹೇಳಿದಂತೆ ಹೊರಗೆ ಮಣೆ ಇಟ್ಟು ಪೂಜೆ. ಗೌಡರು ಒಪ್ಪಿದರು.” ನನ್ನ ನೆನಪು ಎಂಥದ್ದು ಎಂಬುದಕ್ಕೆ ಇದೊಂದು ಮಾದರಿ.

ಇನ್ನು ನೀಲವ್ವನ ವಿಷಯ. ಆಕೆ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಓದು ಬರಹ ಇಲ್ಲ. ಆದರೆ ಯಾವ ಗಂಟು ಯಾವ ಕಪಾಟಿನಲ್ಲಿ ಎಂಬುದು ಬಟ್ಟೆಯ ಬಣ್ಣ ಮಾಸಿದ್ದನ್ನು ನೋಡಿಯೇ ಆಕೆಗೆ ಗೊತ್ತಾಗುತ್ತಿತ್ತು. ನಾನು ಅಂಟಿಸಿದ ನಂಬರಿನ ಚೀಟಿ ಜಿರಳೆ ತಿಂದು ಹೋದಾಗ ಆಕೆಯನ್ನೇ ಕೇಳುತ್ತಿದ್ದೆ. ಹಗಲು ನಮ್ಮಲ್ಲಿ ಕೆಲಸ. ನಸುಕಿನಲ್ಲಿ ಮತ್ತು ಸಂಜೆ ಊರ ಬಸ್‌ಸ್ಟ್ಯಾಂಡಿನ ಬಾಜೂದ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಆಕೆಯ ರೊಟ್ಟಿ ಅಲ್ಲಿ ಹೆಸರುವಾಸಿ. ಕುಂದಗೋಳದಿಂದ ಸಂಗೀತದ ಕಾರ್ಯಕ್ರಮಕ್ಕೆ ಬಂದವರು ಅಲ್ಲಿ ಉಂಡು, “ರೊಟ್ಟಿ ಯಾರು ಬಡದದ್ರಿ?” ಎಂದು ಕೇಳಿದ್ದರಂತೆ. ಇದನ್ನು ಆಕೆ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ವಾಡೆಯ ಕೆಲಸ ಆಕೆಗೆ ಹೊಟ್ಟೆಪಾಡು. ಆಕೆಯ ಹೆಮ್ಮೆ ಇದ್ದದ್ದು ರೊಟ್ಟಿಯಲ್ಲಿ.

ಒಂದು ಮಳೆಗಾಲದಲ್ಲಿ ಹಿಂದಿನ ಕೋಣೆಯ ಮಾಳಿಗೆ ಸೋರಿತು. ಮೇಲೆ ಹಾಕಿದ್ದ ಮಣ್ಣು ಬಿರಿದು, ನಾಲ್ಕು ದಿನದ ಜಡಿಮಳೆಯ ನೀರು ನೇರ ಕಡತಗಳ ಕಪಾಟಿಗೆ ಇಳಿದಿತ್ತು. ನಮಗೆ ಗೊತ್ತಾದದ್ದು ವಾಸನೆಯಿಂದ. ಬಾಗಿಲು ತೆರೆದರೆ ಕಪಾಟಿನಲ್ಲಿ ಕಡತಗಳಿರಲಿಲ್ಲ, ತುಪ್ಪಳ ಬಂದ ಪ್ರಾಣಿಗಳು ಮಲಗಿದ್ದಂತಿತ್ತು.

ಆಗ ನಾನು ಏನು ಮಾಡಿದೆ? ನೋಟುಪುಸ್ತಕ ತೆಗೆದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಯಲ್ಲಿ, ಬೂಸ್ಟು ಹಿಡಿದ ವಸ್ತು ಮುಟ್ಟುವಾಗ ಕೈಗವಸು ಕಡ್ಡಾಯ ಎಂದಿತ್ತು. ನಾನೇ ಹುಬ್ಬಳ್ಳಿಗೆ ಹೋಗಿ ತಂದೆ. ಔಷಧಿ ಹೊಡೆಯುವವರು ಹಾಕಿಕೊಳ್ಳುವಂಥ ರಬ್ಬರಿನ ಕೈಗವಸು, ಕಪ್ಪು, ದಪ್ಪ, ಮೊಣಕೈತನಕ. ಒಂದೇ ಜೊತೆ.

ನೀಲವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇದೇನ್ರಿ ಸರ, ನಾ ಏನ್ ಗಟಾರಾ ಬಳೀಬೇಕೇನು?”

“ಬೂಸ್ಟ ಕೈಗೆ ಹತ್ತಬಾರದು ನೀಲವ್ವಾ. ಕೈ ಕೆಡ್ತಾವ.”

“ಇಷ್ಟ ವರ್ಷ ಬರಿಗೈಲೇ ತಗದೇನಿ, ಏನೂ ಆಗಿಲ್ಲಲ್ರಿ?”

“ಇನ್ನ ಮ್ಯಾಲೆ ಆಗಬಾರದು ಅಂತ” ಎಂದೆ. ಮುಂಜಾನೆ ಹತ್ತಕ್ಕೆ ಹಾಕಿಕೊಂಡರೆ ಸಂಜೆ ಐದಕ್ಕೆ ತೆಗೆಯಬೇಕು, ನಡುವೆ ಊಟಕ್ಕೆ ಮಾತ್ರ ಬಿಡುವು ಎಂದು ನಿಯಮ ಮಾಡಿದೆ. ಕಳೆದುಹೋಗಬಾರದೆಂದು ಸಂಜೆ ಆ ಕೈಗವಸನ್ನು ನಾನೇ ಮಡಚಿ ನನ್ನ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕುತ್ತಿದ್ದೆ. ಇದನ್ನು ಎರಡು ಸಲ ಓದಿರಿ. ಏಳು ತಾಸು ಬೆವರು ಕುಡಿದ ರಬ್ಬರನ್ನು ಒಣಗಲು ಬಿಡದೆ, ಮಡಚಿ, ಕತ್ತಲೆಯ ಖಾನೆಯಲ್ಲಿ ಮುಚ್ಚಿಟ್ಟು, ಮರುದಿನ ಅದನ್ನೇ ಆಕೆಯ ಕೈಗೆ ಕೊಡುತ್ತಿದ್ದೆ. ಬೂಸ್ಟು ಹೇಗೆ ಬೆಳೆಯುತ್ತದೆ ಎಂದು ಗೌಡರಿಗೆ ಎರಡು ವರ್ಷ ಪಾಠ ಮಾಡಿದವನು ನಾನು.

ದಿನಚರಿಯಲ್ಲಿ ಆ ವಾರ ಒಂದು ಸಾಲಿದೆ: “ನೀಲವ್ವನದು ಕೈಗವಸಿನ ಬಗ್ಗೆ ಹಟ. ತಿಳಿಹೇಳಿದೆ.” ನನ್ನ ನೆನಪಿಗೂ ಇದು ಹೊಂದುತ್ತದೆ. ಆಕೆಗೆ ಹೊಸದರ ಬಗ್ಗೆ ಸಂಕೋಚ, ನಾನು ತಾಳ್ಮೆಯಿಂದ ವಿವರಿಸಿದೆ, ಆಕೆ ಒಪ್ಪಿದಳು. ಕೈ ನೋಯುತ್ತಿದೆ ಎಂದು ಆಕೆ ನನಗೆ ಹೇಳಲಿಲ್ಲ. ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಈ ಪ್ರಶ್ನೆಯನ್ನು ಇಷ್ಟು ವರ್ಷ ನಾನು ನನಗೇ ಕೇಳಿಕೊಂಡು, ಉತ್ತರವನ್ನೂ ನಾನೇ ಕೊಟ್ಟುಕೊಂಡಿದ್ದೇನೆ.

ಮೂರು ವಾರದ ಮೇಲೆ ಆಕೆ ಚಹಾದ ಲೋಟ ಹಿಡಿದಾಗ ನೋಡಿದೆ. ಬಲಗೈಯ ನಡುಬೆರಳು ಉಂಗುರಬೆರಳಿನ ಸಂದಿ ಬೆಳ್ಳಗೆ ನೆನೆದು ಸುಲಿದಿತ್ತು, ಒಳಗೆ ಕೆಂಪು ಹಸಿ. ಹೆಬ್ಬೆರಳಿನ ಉಗುರಿನ ಬುಡ ಉಬ್ಬಿತ್ತು. ಅಂಗೈಯ ಅಂಚಿನಲ್ಲಿ ಉಂಗುರದಂಥ ಒಂದು ಕಲೆ.

“ಇದೇನು?” ಎಂದೆ.

“ಬೂಸ್ಟರಿ” ಎಂದಳು. “ನಿಮ್ಮ ಕಡತದ್ದು.”

ನಾವಿಬ್ಬರೂ ಹಾಗೇ ನಂಬಿದೆವು. ಕಡತದ ಬೂಸ್ಟು ಹೇಗೋ ಒಳಗೆ ಹೋಗಿದೆ, ಇನ್ನೂ ಗಟ್ಟಿಯಾಗಿ ಕೈಗವಸು ಹಾಕಬೇಕು! ಕೈಗವಸಿನ ಬಾಯಿಗೆ ದಾರ ಕಟ್ಟಿಸಿದೆ.

ಆಕೆ ಮೆಡಿಕಲ್ ಅಂಗಡಿಗೆ ಹೋದಳು. ಅಂಗಡಿಯವನು ಕೈಯನ್ನು ದೂರದಿಂದಲೇ ನೋಡಿ ಒಂದು ಮುಲಾಮಿನ ಟ್ಯೂಬು ಕೊಟ್ಟ. “ಅವ್ವಾರ, ಇದರಾಗ ಮೂರು ಔಷಧ ಕೂಡ್ಯಾವು. ಎಲ್ಲಾ ರೋಗಕ್ಕೂ ಬರ್ತೈತಿ” ಎಂದನಂತೆ. ಎರಡೇ ದಿನಕ್ಕೆ ಕೆಂಪು ಇಳಿಯಿತು, ತುರಿಕೆ ನಿಂತಿತು. ನೀಲವ್ವನಿಗೆ ಖುಷಿ, ನನಗೂ ಖುಷಿ. ಟ್ಯೂಬು ಮುಗಿದಾಗ ಇನ್ನೊಂದನ್ನು ನಾನೇ ತಂದುಕೊಟ್ಟೆ. ವಾರ ಬಿಟ್ಟು ನೋಡಿದರೆ ಉಂಗುರ ದೊಡ್ಡದಾಗಿ ಮಣಿಕಟ್ಟಿನ ಬಳೆಯ ತನಕ ಬಂದಿತ್ತು. ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಮೊದಲಿಗಿಂತ ಹೆಚ್ಚು ಏಳುತ್ತದೆ. ಸಾಲದ್ದಕ್ಕೆ ಯಾರೋ ಹೇಳಿದರೆಂದು ಫಿನೈಲಿನ ನೀರಿನಲ್ಲಿ ಕೈ ಅದ್ದಿದಳು. ಇನ್ಯಾರೋ ಬಟ್ಟೆಯ ನಡುವೆ ಇಡುವ ಡಾಂಬರಗುಳಿಗೆ ಪುಡಿಮಾಡಿ ಕೈಗವಸಿನ ಒಳಗೆ ಉದುರಿಸಲು ಹೇಳಿದರು. ಅದನ್ನು ಮಾತ್ರ ನಾನು ತಡೆದೆ. ಅಷ್ಟು ಬುದ್ಧಿ ಉಳಿದಿತ್ತು.

ಖಾನಾವಳಿಯವರು ಒಂದು ಸಂಜೆ ಆಕೆಯ ಕೈ ನೋಡಿದರು. ಬೈಯಲಿಲ್ಲ. “ನಾಕು ದಿನ ಆರಾಮ ತಗೋ ಬೇ” ಎಂದರು. ಮರುದಿನವೇ ಆ ಒಲೆಯ ಮುಂದೆ ಬೇರೊಬ್ಬಳು ಕೂತಿದ್ದಳು. ಮನೆಯಲ್ಲೂ ಅದೇ ಕಥೆ. ಆಗಷ್ಟೇ ಮದುವೆಯಾಗಿ ಬಂದಿದ್ದ ರೇಣುಕಾ ಹಿಟ್ಟು ಕಲಸುತ್ತಿದ್ದಳು, ನೀಲವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ನಾನು ಗೌಡರ ಹತ್ತಿರ ಹೋಗಿ ಆಕೆಯನ್ನು ಹುಬ್ಬಳ್ಳಿಯ ಚರ್ಮದ ಡಾಕ್ಟರಿಗೆ ತೋರಿಸಬೇಕು ಎಂದಾಗ ಅವರು ಹೇಳಿದ್ದು: “ಕೈಗೆ ಒಂದೀಟ ತುರಿಕಿ ಬಂದ್ರ ಹುಬ್ಬಳ್ಳಿ? ಬೇವಿನ ತಪ್ಪಲಾ ಹಚ್ಚಂತ ಹೇಳ್ರಿ.”

ನಾನೇ ಕರೆದುಕೊಂಡು ಹೋದೆ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಮುಖದಲ್ಲಿ ನಗೆ ಇಲ್ಲ. ಚಾಕುವಿನ ಮೊನೆಯಿಂದ ಕಲೆಯ ಅಂಚನ್ನು ಕೆರೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ಟ್ಯೂಬು ಕೇಳಿದರು. ನೀಲವ್ವ ಸೆರಗಿನ ಗಂಟಿನಿಂದ ತೆಗೆದು ಕೊಟ್ಟಳು.

“ಇದನ್ನ ಯಾರು ಬರಕೊಟ್ರು?”

“ಯಾರೂ ಬರಕೊಟ್ಟಿಲ್ರಿ ಬಾಯಾರ, ಅಂಗಡ್ಯಾವ ಕೊಟ್ಟಾ. ಎರಡನೇದ್ದು ಸರ ತಂದ್ರು.”

ಡಾಕ್ಟರು ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿ ನನ್ನ ಕಡೆ ತಿರುಗಿದರು.

“ಇದರಾಗಿರೋ ಸ್ಟಿರಾಯ್ಡ್ ಕೆಂಪ ಇಳಸ್ತದ, ಒಳಗ ಫಂಗಸ್ ಬೆಳೀಲಿಕ್ಕೆ ಬಿಡ್ತದ. ನೀವು ರೋಗಾ ಮುಚ್ಚಿಟ್ಟು ಸಾಕೀರಿ.”

“ಕಡತದ ಬೂಸ್ಟು ಕೈಯೊಳಗ ಹೊಕ್ಕದ ಅಂತ...” ಎಂದೆ.

“ಕಾಗದದ ಬೂಸ್ಟ ಬ್ಯಾರೆ, ಇದು ಬ್ಯಾರೆ. ಅದು ಹೆಚ್ಚಾಗಿ ಮೂಗಿಗೆ, ಪುಪ್ಪುಸಕ್ಕ ತ್ರಾಸ ಕೊಡ್ತದ, ಕೈಗೆ ತುರಿಕಿ ತರಬಹುದು. ಇದು ಬೆವರೊಳಗ ಬೆಳದದ್ದು. ಬೆರಳ ಸಂದಿ ನೋಡ್ರಿ, ದಿನಾ ನೆಂದು ನೆಂದು ತೊಗಲ ಸತ್ತದ. ಇವರ ಕೈ ದಿನಕ್ಕ ಎಷ್ಟೊತ್ತು ಹಸಿ ಇರ್ತದ?”

ನೀಲವ್ವ ನನ್ನ ಮುಖ ನೋಡಿದಳು. ನಾನು ಕೈಗವಸಿನ ಕಥೆ ಹೇಳಿದೆ. ಖಾನೆಯ ಕೀಲಿಯ ವಿಷಯ ಬಂದಾಗ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೆನ್ನು ಮೇಜಿನ ಮೇಲಿಟ್ಟರು.

“ನೀವು ಏನ್ ಓದೀರಿ?”

“ಎಂ.ಎ.”

ಅವರು ಪೆನ್ನು ಎತ್ತಿಕೊಂಡು ಮತ್ತೆ ಬರೆಯತೊಡಗಿದರು. ಅದಕ್ಕಿಂತ ಗೌಡರ ನಗೆಯೇ ಹಗುರವಾಗಿತ್ತು.

ಅಂಗೈ ವಾಸಿಯಾಗಲು ವಾರಗಟ್ಟಲೆ ಹಿಡಿಯಿತು, ಉಗುರಿಗೆ ತಿಂಗಳುಗಟ್ಟಲೆ. ಹೆಬ್ಬೆರಳಿನ ಉಗುರು ಪೂರ್ತಿ ಹೋಗಿ, ಮತ್ತೆ ಬಂದದ್ದು ಗೀರು ಬಿದ್ದು ಸೊಟ್ಟಗೆ ಬಂತು. ಗೌಡರು ಆ ಅವಧಿಯಲ್ಲಿ ಬೇರೆಯವಳನ್ನು ನೇಮಿಸಲು ಹೊರಟಿದ್ದರು. ಕಪಾಟಿನ ಮುಂದೆ ಅವರನ್ನು ನಿಲ್ಲಿಸಿ, “ಹೊಸಬಾಕಿಗೆ ಯಾವ ಗಂಟ ಎಲ್ಲೈತಿ ಅಂತ ನೀವ ತೋರಸ್ರಿ” ಎಂದೆ. ಅವರು ತಲೆ ಕೆರೆದುಕೊಂಡು ಹೋದರು. ನೀಲವ್ವ ಕುರ್ಚಿಯ ಮೇಲೆ ಕೂತು ಬೆರಳು ತೋರಿಸಿ ಹೇಳುವುದು, ನಾನು ಗಂಟು ಇಳಿಸುವುದು, ಹೀಗೆ ಕೆಲವು ತಿಂಗಳು ನಡೆಯಿತು. “ಹಂಗಲ್ರಿ ಸರ, ಕೂಸಿನ್ನ ಇಳಿಸಿದಂಗ ಇಳಸ್ರಿ” ಎನ್ನುತ್ತಿದ್ದಳು. ನನ್ನ ಇಡೀ ನೌಕರಿಯಲ್ಲಿ ನಾನು ಕೆಲಸ ಕಲಿತದ್ದು ಆ ತಿಂಗಳುಗಳಲ್ಲಿ.

ಆಮೇಲೆ ನಮ್ಮ ಪದ್ಧತಿ ಬದಲಾಯಿತು. ಸುಮಾ, ನಿನಗೆ ಬೇಕಾದದ್ದು ಇದೇ, ಗಮನವಿಟ್ಟು ಓದು. ದಪ್ಪ ರಬ್ಬರು ಬೇಡವೇ ಬೇಡ. ಡಾಕ್ಟರು ಪರೀಕ್ಷೆಗೆ ಹಾಕಿಕೊಳ್ಳುತ್ತಾರಲ್ಲ, ಒಮ್ಮೆ ಹಾಕಿ ಎಸೆಯುವ ತೆಳ್ಳಗಿನದು, ಒಳಗೆ ಪುಡಿ ಇಲ್ಲದ್ದು, ಅದು ಸಾಕು. ಅದರೊಳಗೆ ತೆಳ್ಳನೆಯ ಹತ್ತಿಯ ಕೈಗವಸು. ಅದನ್ನು ದಿನಾ ಒಗೆದು ಬಿಸಿಲಿಗೆ ಹಾಕಬೇಕು. ಒಳಗೆ ಬೆವರಿದ ಕೂಡಲೇ ತೆಗೆದು, ಕೈ ಗಾಳಿಗೆ ಒಡ್ಡಿ, ಪೂರ್ತಿ ಒಣಗಿದ ಮೇಲೆ ಹೊಸ ಜೊತೆ. ಅರ್ಧ ತಾಸಿಗೊಮ್ಮೆ ಎಂದು ನಾವು ಇಟ್ಟುಕೊಂಡಿದ್ದೆವು. ಬೇಸಿಗೆಯಲ್ಲಿ ಅಷ್ಟು ಹೊತ್ತೂ ಹೆಚ್ಚೇ. ಕೈಗವಸಿನೊಳಗೆ ಉಂಗುರ ಇರಬಾರದು, ಉಗುರು ಉದ್ದ ಇರಬಾರದು. ಗಾಯವಿದ್ದ ಕೈ ಆ ದಿನ ಬೂಸ್ಟಿನ ಕೋಣೆಗೆ ಹೋಗಬಾರದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ತೊಳೆದು, ಬೆರಳಿನ ಸಂದಿ ಸಂದಿ ಒರೆಸಿಕೊಳ್ಳಬೇಕು. ಒರೆಸುವ ಅರಿವೆ ಒಬ್ಬೊಬ್ಬರಿಗೆ ಬೇರೆ. ಬೂಸ್ಟನ್ನು ಊದಬೇಡ, ಮೂಗಿಗೆ ಒಳ್ಳೆಯ ಮಾಸ್ಕು ಇರಲಿ. ತೇವದ ಗಂಟನ್ನು ಮೊದಲು ಬೇರೆ ಕೋಣೆಯಲ್ಲಿ ನೆರಳಿನಲ್ಲಿ ಒಣಗಿಸು. ಒಣಗಿದ ಬೂಸ್ಟನ್ನು ಮೆತ್ತನೆಯ ಬ್ರಷ್ಷಿನಿಂದ ನಿನ್ನ ಮುಖದಿಂದ ಆಚೆಗೆ ತೆಗೆ. ಡಾಂಬರಗುಳಿಗೆ ನುಸಿಗೆ, ಬೂಸ್ಟಿಗಲ್ಲ. ಕೈಯಲ್ಲಿ ಏನಾದರೂ ಕಂಡರೆ ಅಂಗಡಿಯ ಮುಲಾಮು ಹಚ್ಚದೆ ಡಾಕ್ಟರಿಗೆ ತೋರಿಸು. ಗೌಡರ ಜಾಗದಲ್ಲಿ ಈಗ ಯಾರೇ ಇರಲಿ, “ತೆಳ್ಳನ್ನು ಹರೀತಾವ, ದಪ್ಪನ್ನು ಬಾಳಿಕಿ ಬರ್ತಾವ” ಎನ್ನುತ್ತಾರೆ. ಕೈಯೂ ಬಾಳಿಕೆ ಬರಬೇಕು ಎಂದು ಹೇಳು.

ಇಷ್ಟು ಬರೆದು, ಸುಮಾಳಿಗೆ ಕಳಿಸುವ ಮುಂಚೆ ನೀಲವ್ವನಿಗೆ ಓದಿ ಹೇಳೋಣ ಎಂದು ಹೋದ ವಾರ ಊರಿಗೆ ಹೋದೆ. ನನ್ನ ನೆನಪನ್ನು ತಾಳೆ ನೋಡಲು ಉಳಿದಿರುವ ಬೇರೆ ಸಾಕ್ಷಿ ಆಕೆ ಒಬ್ಬಳೇ. ದಿನಚರಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಸಂಜೆಯ ಹೊತ್ತು. ರೇಣುಕಾ ಆಗತಾನೇ ವಾಡೆಯಿಂದ ಬಂದಿದ್ದಳು. ಅವಳು ಕೈಕಾಲು ತೊಳೆದು ಒಳಗೆ ಬರುತ್ತಿದ್ದ ಹಾಗೆ ನೀಲವ್ವ ಕೂತಲ್ಲಿಂದಲೇ, “ತೋರಸಲೇ” ಎಂದಳು. ರೇಣುಕಾ ಎರಡೂ ಕೈ ಚಾಚಿ ಬೆರಳು ಅಗಲಿಸಿ ನಿಂತಳು. ನೀಲವ್ವ ಒಂದೊಂದು ಸಂದಿಯನ್ನೂ ಹೆಬ್ಬೆರಳಿನಿಂದ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, “ಹೂಂ, ಹಿಟ್ಟ ತಗೋ ಹೋಗು” ಎಂದಳು.

“ದಿನಾ ಹಿಂಗಽನ?” ಎಂದು ಕೇಳಿದೆ.

“ನಾ ಅಲ್ಲಿ ಕೆಲಸಕ್ಕ ಹತ್ತಿದ ದಿನದಿಂದ್ರಿ” ಎಂದು ರೇಣುಕಾ ನಕ್ಕಳು. “ಕಾಲೇಜಿನ ಹುಡುಗ್ಯಾರ ಚೀಲಾ ತಪಾಸ್ನಿ ಮಾಡಿದಂಗ ಮಾಡ್ತಾಳ್ರಿ ನಮ್ಮತ್ತಿ.”

ನಾನು ಓದತೊಡಗಿದೆ. ಗೌಡರ ಎಂಜಲಿನ ಪ್ರಸಂಗಕ್ಕೆ ಇಬ್ಬರೂ ನಕ್ಕರು. ಎರಡನೆಯ ಹಾಳೆ ತಿರುವುತ್ತಿದ್ದಂತೆ ನೀಲವ್ವ ಕೈ ಎತ್ತಿದಳು.

“ತಡೀರಿ ಸರ. ನೀವೀಗ ಏನ್ ಮಾಡಿದ್ರಿ?”

ನಾನು ನನ್ನ ಬೆರಳು ನೋಡಿದೆ. ತುದಿ ಒದ್ದೆಯಾಗಿತ್ತು.

“ಗೌಡ್ರಿಗೆ ಬೈತೀರಿ!” ಎಂದು ರೇಣುಕಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಮುಂದಿನದನ್ನು ಬೆರಳನ್ನು ಅಂಗಿಗೆ ಒರೆಸಿಕೊಂಡು ಓದಿದೆ. “ಕೈ ನೋಯುತ್ತಿದೆ ಎಂದು ಆಕೆ ನನಗೆ ಹೇಳಲಿಲ್ಲ” ಎಂಬಲ್ಲಿಗೆ ಬಂದಾಗ ನೀಲವ್ವ ನಗುವುದನ್ನು ಬಿಟ್ಟಳು.

“ಹೇಳಿದ್ನಲ್ರಿ.”

“ಯಾವಾಗ?”

“ನಾಕನೇ ದಿನಕ್ಕ. ‘ಸರ, ಒಳಗ ಉರೀತಾವ, ಬೆಂದಂಗ ಆಗ್ತಾವ, ಬ್ಯಾಡ್ರಿ’ ಅಂದೆ. ನೀವು ಆ ವಹಿ ತಗದು ಓದಿ ತೋರಿಸಿದ್ರಿ. ಮತ್ತ ಸೋಮವಾರ ಅಂದೆ. ಆಗ, ‘ನೀಲವ್ವಾ, ನಿನ್ನ ಸಲುವಾಗೆ ಮಾಡಾಕತ್ತೀನಿ’ ಅಂದ್ರಿ. ಆ ಮಾತಿಗೆ ನಾ ಏನ್ ಅನ್ನಲಿ? ಸುಮ್ನಾದೆ.”

“ನನಗ ನೆನಪಿಲ್ಲ ನೀಲವ್ವಾ.”

“ನಿಮಗ ಯಾಕ ನೆನಪಿರ್ತೈತ್ರಿ? ಉರೀತಿದ್ದದ್ದು ನನ್ನ ಕೈ.”

ಆಕೆ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಜೋಳ ಕೇರುತ್ತಾ, ಮೊರದ ಮೇಲೆ ಕಣ್ಣಿಟ್ಟು ಹೇಳಿದಳು. ಮೊರದ ಅಂಚು ಹಿಡಿದ ಹೆಬ್ಬೆರಳಿನ ಸೊಟ್ಟ ಉಗುರು ನನಗೆ ಕಾಣುತ್ತಿತ್ತು. ನಾನು ಚೀಲದಿಂದ ದಿನಚರಿ ತೆಗೆದು ಆ ಸಾಲನ್ನು ಮತ್ತೆ ನೋಡಿದೆ. “ನೀಲವ್ವನದು ಕೈಗವಸಿನ ಬಗ್ಗೆ ಹಟ. ತಿಳಿಹೇಳಿದೆ.” ತಾರೀಖು ನೋಡಿದೆ. ಕೈಗವಸು ತಂದ ನಾಲ್ಕನೆಯ ದಿನ. ಸಾಕ್ಷಿ ಇತ್ತು. ಇಷ್ಟು ವರ್ಷವೂ ಇತ್ತು, ನನ್ನದೇ ಅಕ್ಷರದಲ್ಲಿ. ಆಕೆ ಹೇಳಿದ್ದಳು, ನಾನು ಬರೆದುಕೊಂಡೂ ಇದ್ದೆ.

“ಹಂಗಾರ ಆ ಹುಡುಗಿಗೆ ಏನ್ ಬರೀಲಿ?” ಎಂದು ಕೇಳಿದೆ.

“ಅಷ್ಟುದ್ದ ಬರದ್ರ ಯಾರು ಓದ್ತಾರ್ರಿ? ದಿನಾ ಸಂಜಿಮುಂದ ಕೈ ನೋಡು ಅಂತ ಬರೀರಿ. ಉರೀತೈತಿ ಅಂದ್ರ ತಗಸು ಅಂತ ಬರೀರಿ. ಮುಗೀತು.”

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನೀಲವ್ವ ಕಿವಿಗೊಟ್ಟು ಕೇಳಿ, “ಹಿಟ್ಟ ಬಿರಸಾಗೇತಲೇ, ಒಂದೀಟ ನೀರ ಹಚ್ಚು” ಎಂದು ಕೂಗಿದಳು. ಆಮೇಲೆ ತಡೆಯಲಾಗದೆ ತಾನೇ ಎದ್ದು ಹೋದಳು. ಸಪ್ಪಳ ಬದಲಾಯಿತು. ಅಲ್ಲೇ ಕೂತು ಎರಡು ರೊಟ್ಟಿ ತಿಂದು ಬಂದೆ. ಖಾನಾವಳಿಯವರು ಆಕೆಯನ್ನು ಮತ್ತೆ ಕರೆಯಲೇ ಇಲ್ಲ ಎಂಬುದನ್ನು ಆ ದಿನವೂ ಇಬ್ಬರೂ ಎತ್ತಲಿಲ್ಲ.

ಮನೆಗೆ ಬಂದು ಸುಮಾಳಿಗೆ ಈ ಬರಹದ ಮೇಲೆ ನೀಲವ್ವನ ಆ ಎರಡು ಮಾತು ಮೊದಲು ಬರೆದು ಕಳಿಸಿದೆ. ಆಮೇಲೆ ದಿನಚರಿ ತೆಗೆದೆ. ಹಳೆಯ ದಾಖಲೆಯ ಮೇಲೆ ಗೀಚಬಾರದು, ಒಂದಕ್ಷರವನ್ನೂ ಅಳಿಸಬಾರದು. ಬರೆಯಲೇಬೇಕಾದರೆ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಬರೆದ ದಿನದ ತಾರೀಖು ಹಾಕಿ ಬರೆಯಬೇಕು. ಹೊಸಬರಿಗೆ ನಾನು ಕಲಿಸುತ್ತಿದ್ದ ಮೊದಲ ನಿಯಮ ಅದು. ಒಣ ಬೆರಳಿನಿಂದ ಪುಟ ತಿರುವಿ, ‘ಹಟ’ ಎಂಬ ಪದವನ್ನು ಇದ್ದಂತೆಯೇ ಬಿಟ್ಟು, ಪಕ್ಕದ ಅಂಚಿನಲ್ಲಿ ಇವತ್ತಿನ ತಾರೀಖು ಹಾಕಿ ಬರೆದೆ:

“ಹಟವಲ್ಲ. ಕೈ ಉರಿಯುತ್ತಿದೆ ಎಂದು ಎರಡು ಸಲ ಹೇಳಿದಳು.”